ತಂದೆಯನ್ನು ಆರಿಸಿದ ವರ್ಷ: ನೀಲೇಶ್ವರದ ತೆಂಗು, ಪನ್ನಿಯೂರಿನ ಮೆಣಸು

ಕಾಸರಗೋಡಿನ ಚರಿತ್ರೆ ಅಂದ ಕೂಡಲೇ ನಾವು 1956ಕ್ಕೆ ಹೋಗ್ತೇವೆ. ಇವತ್ತು ನಾನು 1932ಕ್ಕೆ ಹೋಗ್ತೇನೆ. ಆಗ ನೀಲೇಶ್ವರ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಊರು. ಅಲ್ಲಿಯ ತೆಂಗು ಸಂಶೋಧನಾ ಕೇಂದ್ರದಲ್ಲಿ ಜೆ. ಎಸ್. ಪಟೇಲ್ ಅವರು ಪಶ್ಚಿಮ ಕರಾವಳಿಯ ಎತ್ತರದ ತೆಂಗಿನ ಹೆಣ್ಣುಹೂವಿಗೆ ಚೌಘಾಟ್ ಹಸಿರು ಗಿಡ್ಡ ತಳಿಯ ಪರಾಗ ಕೊಟ್ಟು ಸಂಕರಣ ಮಾಡಿದರು. ‘ಜಗತ್ತಿನ ಮೊದಲ ತೆಂಗಿನ ಸಂಕರಣ’ ಅಂತ ಹೇಳುವುದುಂಟು. ಫಿಜಿಯಲ್ಲಿ ಅದಕ್ಕೂ ಮುಂಚೆ ಪ್ರಯತ್ನ ನಡೆದಿತ್ತು. ಹಾಗಾಗಿ ಎತ್ತರ ಮತ್ತು ಗಿಡ್ಡ ತಳಿಗಳ ಮೊದಲ ಸಂಕರಣ ಅನ್ನುವುದು ಸರಿ.

ಇದರಲ್ಲಿ ಹೊಸತೇನು? ತೆಂಗಿಗೆ ಕೊಂಬೆಯಿಲ್ಲ, ಬುಡದಲ್ಲಿ ಕಂದು ಬಿಡುವುದಿಲ್ಲ, ಬೆಳೆಯುವ ತುದಿ ಒಂದೇ. ಬಾಳೆಯ ಹಾಗೆ ಕಂದು ಕಿತ್ತು ನೆಡುವ ದಾರಿ ಇಲ್ಲ, ಕಸಿಯೂ ಇಲ್ಲ. ಕಾಯಿಯಿಂದಲೇ ಸಂತಾನ. ಒಂದೇ ಹೊಂಬಾಳೆಯಲ್ಲಿ ಗಂಡುಹೂವು ಸಾವಿರಾರು, ಹೆಣ್ಣುಹೂವು ಕೆಲವೇ. ಎತ್ತರದ ತೆಂಗಿನಲ್ಲಿ ಸಾಮಾನ್ಯವಾಗಿ ಗಂಡುಹೂವುಗಳ ಕಾಲ ಮುಗಿದ ಮೇಲೆ ಹೆಣ್ಣುಹೂವು ಪರಾಗಕ್ಕೆ ಸಿದ್ಧವಾಗುತ್ತದೆ. ಹಾಗಾಗಿ ಗಾಳಿಯೋ ಜೇನೋ ಬೇರೆ ಮರದ ಪರಾಗ ತರಬೇಕು. ಗಿಡ್ಡ ತಳಿಯಲ್ಲಿ ಎರಡೂ ಕಾಲ ಕೂಡಿ ಬರುವುದರಿಂದ ಅದು ಹೆಚ್ಚಾಗಿ ತನ್ನ ಪರಾಗವನ್ನೇ ಪಡೆಯುತ್ತದೆ.

ತೋಟದ ಹಿರಿಯರು ಬೀಜಕ್ಕೆ ಕಾಯಿ ಇಡುವಾಗ ಒಳ್ಳೆ ಮರ ನೋಡಿಯೇ ಇಡ್ತಿದ್ದರು. ಆದರೆ ಅವರು ಆರಿಸಿದ್ದು ತಾಯಿಯನ್ನು ಮಾತ್ರ. ತಂದೆ ಯಾವ ತೋಟದ ಮರವೋ, ಯಾರಿಗೂ ಗೊತ್ತಿಲ್ಲ. 1932ರಲ್ಲಿ ತಂದೆಯನ್ನೂ ಮನುಷ್ಯ ಆರಿಸಿದ. ಅದಕ್ಕೆ ಹೊಂಬಾಳೆಯ ಗಂಡುಹೂವುಗಳನ್ನೆಲ್ಲ ತೆಗೆದು, ಚೀಲ ಕಟ್ಟಿ, ಹೆಣ್ಣುಹೂವು ಸಿದ್ಧವಾಗುವ ದಿನ ಕಾದು ಪರಾಗ ಹಾಕಬೇಕು. ಇದೆಲ್ಲ ನೆಲದ ಮೇಲೆ ಕೂತು ಆಗುವ ಕೆಲಸವಲ್ಲ, ಪ್ರತಿ ಸಲವೂ ಮರ ಹತ್ತಬೇಕು. ಚರಿತ್ರೆ ಹೇಳುವಾಗ ನಾವು ವಿಜ್ಞಾನಿಯ ಹೆಸರು ಹೇಳಿ ಸುಮ್ಮನಾಗ್ತೇವೆ, ಹತ್ತಿದವರನ್ನು ಮರೀತೇವೆ. ಅಷ್ಟಾದರೂ ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು.

ಈ ಸಂಕರ ಸಸಿಗಳು ಬೇಗ ಫಲ ಕೊಡುತ್ತವೆ, ಇಳುವರಿಯೂ ಚೆನ್ನ. (ಶಾಸ್ತ್ರಗ್ರಂಥಗಳಲ್ಲಿ ಬೈಗುಳದಂತಿದ್ದ ‘ಸಂಕರ’ ಎಂಬ ಪದ ‘ಚಂದ್ರಸಂಕರ’, ‘ಕೇರಸಂಕರ’ ಅಂತ ತಳಿಗಳ ಹೆಸರಲ್ಲಿ ಸೇರಿ ಗೌರವ ಪಡೆದದ್ದು ನನಗೆ ಬಹಳ ಇಷ್ಟ.) ಆದರೆ ಆ ಮರದ ಕಾಯಿಯನ್ನು ಮತ್ತೆ ಬಿತ್ತಿದರೆ ಗುಣಗಳು ಒಡೆದುಹೋಗಿ ಮೊಳಕೆಗಳು ಒಂದೊಂದು ಒಂದೊಂದು ಥರ. ಹಾಗಾಗಿ ಕೃಷಿಕ ಪ್ರತಿ ಸಲ ನರ್ಸರಿಗೇ ಹೋಗಬೇಕು. ತಂದೆಯನ್ನು ಆರಿಸುವ ಅಧಿಕಾರ ಸಿಕ್ಕಿತು ನಿಜ, ಆದರೆ ಬೀಜ ಆರಿಸುವ ಅಧಿಕಾರ ಅಂಗಳದಿಂದ ಕೇಂದ್ರಕ್ಕೆ ಹೋಯಿತು. ನನ್ನ ವಾದ ಇಷ್ಟೇ: ಈ ಅವಲಂಬನೆಯನ್ನು ಸರಕಾರದ ನೀತಿಯಿಂದ ಮಾತ್ರ ವಿವರಿಸಲಿಕ್ಕಾಗದು, ತೆಂಗಿನ ಹೂವಿನ ರಚನೆಯೂ ಅದಕ್ಕೆ ಕಾರಣ.

ಇದನ್ನು ಪರೀಕ್ಷಿಸಲು ಒಳ್ಳೆಮೆಣಸು ನೋಡಿ. ದಕ್ಷಿಣಕ್ಕೆ, ಕಣ್ಣೂರು ಜಿಲ್ಲೆಯ ಪನ್ನಿಯೂರಿನಲ್ಲಿ ಉತಿರಂಕೋಟ್ಟ ಮತ್ತು ಚೆರಿಯಕಣಿಯಕ್ಕಾಡನ್ ತಳಿಗಳನ್ನು ಕೂಡಿಸಿ ಮಾಡಿದ ‘ಪನ್ನಿಯೂರು-1’ 1971ರಲ್ಲಿ ಬಿಡುಗಡೆಯಾಯಿತು. ಅದೂ ಸಂಕರವೇ, ಗಂಡು ಹೆಣ್ಣು ಕೂಡಿದ್ದೇ. ಆದರೆ ಕೂಡಿದ್ದು ಒಂದು ಸಲ. ಆಮೇಲೆ ಬಳ್ಳಿಯ ತುಂಡು ನೆಟ್ಟರೆ ಸಾಕು, ಅದೇ ಗಿಡ, ಅದೇ ಗುಣ. ನೆರೆಮನೆಯವರು ಕೊಟ್ಟ ತುಂಡಿಗೆ ನರ್ಸರಿಯ ರಶೀದಿಯೂ ಬೇಡ, ತಲಪಾಡಿಯ ಗಡಿಯೂ ಲೆಕ್ಕಕ್ಕಿಲ್ಲ.

ಅಡಿಕೆ ಈ ವಿಷಯದಲ್ಲಿ ತೆಂಗಿನ ಪಕ್ಷ, ಕಾಯಿಯಿಂದಲೇ ಅದರ ಸಂತಾನ. 1970ರಲ್ಲಿ ಕಾಸರಗೋಡಿನ ತೆಂಗು ಕೇಂದ್ರ ಮತ್ತು ಕರ್ನಾಟಕದ ವಿಟ್ಲದ ಅಡಿಕೆ ಕೇಂದ್ರ ಒಂದೇ ಸಂಸ್ಥೆಯೊಳಗೆ ಬಂದವು. ರಾಜ್ಯ ಎರಡಾಗಿ 14 ವರ್ಷ ಕಳೆದಿತ್ತು. ಗಡಿಯ ಎರಡೂ ಕಡೆಯ ಕನ್ನಡ ಕೃಷಿಕರು ಸಸಿಗಾಗಿ ಈ ಕೇಂದ್ರಗಳತ್ತ ಹೇಗೆ ಓಡಾಡಿದರು ಅನ್ನುವುದನ್ನು ಮನೆಮನೆಯ ತೋಟದ ಲೆಕ್ಕಪುಸ್ತಕಗಳಲ್ಲೇ ಹುಡುಕಬೇಕು. ಹಾಳೆ ಗೆದ್ದಲಿಗೆ ಹೋಗುವ ಮೊದಲು ನಮ್ಮಲ್ಲಿ ಯಾರಾದರೂ ಆ ಕೆಲಸ ಹಿಡಿಯಬಹುದು.