ಒಂದು ವರ್ಷದ ಖಾರ

ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟತೊಡಗಿದರೆ ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯ ಮಾಳಿಗೆಗಳು ಕೆಂಪಾಗುತ್ತಿದ್ದವು. ತೊಟ್ಟು ತೆಗೆದ ಬ್ಯಾಡಗಿ ಮೆಣಸಿನಕಾಯಿ ಹಳೆಯ ಸೀರೆಗಳ ಮೇಲೆ ಮೂರ್ನಾಲ್ಕು ದಿನ ಒಣಗಿ, ಮುರಿದರೆ ಟಕ್ಕೆನ್ನಬೇಕು. ಮಿರಗದ ಮಳೆ ಬೀಳುವುದರೊಳಗೆ ವರ್ಷಕ್ಕಾಗುವಷ್ಟು ಮಸಾಲಿ ಖಾರ ಭರಣಿ ಸೇರಬೇಕು. ತೇವ ತಾಗಿದರೆ ಬೂಸ್ಟು ಹಿಡಿಯುತ್ತದೆ, ಮತ್ತೆ ಮುಂದಿನ ಬೇಸಿಗೆಯವರೆಗೆ ದಾರಿಯಿಲ್ಲ.

ನಮ್ಮ ಮನೆಯ ಲೆಕ್ಕ ಹೀಗಿತ್ತು: 4 ಕಿಲೊ ಬ್ಯಾಡಗಿ, 1 ಕಿಲೊ ಗುಂಟೂರು. ಬಣ್ಣಕ್ಕೆ ಅದು, ಉರಿಗೆ ಇದು. ಅದಕ್ಕೆ 2 ಕಿಲೊ ಹವೀಜ, ಒಂದೂವರೆ ಕಿಲೊ ಒಣಕೊಬ್ಬರಿ, 2 ಕಿಲೊ ಉಳ್ಳಾಗಡ್ಡಿ, 1 ಕಿಲೊ ಬೆಳ್ಳುಳ್ಳಿ, 1 ಕಿಲೊ ಉಪ್ಪು, ಕಾಲು ಕಿಲೊ ಜೀರಿಗೆ. ಆಮೇಲೆ ಮೆಂತ್ಯ, ಸಾಸಿವೆ, ಎಳ್ಳು, ಅರಿಷಿಣ, ಇಂಗು. ಕೊನೆಗೆ ಕಿರಾಣಿ ಅಂಗಡಿಯ ಕಾಗದದ ಪೊಟ್ಟಣಗಳು: ಲವಂಗ, ದಾಲ್ಚಿನ್ನಿ, ಏಲಕ್ಕಿ, ಕರಿಮೆಣಸು, ಕಲ್ಲುಹೂ, ಜಾಪತ್ರಿ. ಒಂದೊಂದನ್ನೂ ಬೇರೆಬೇರೆಯಾಗಿಯೇ ಹುರಿಯಬೇಕು. ಉಳ್ಳಾಗಡ್ಡಿಯನ್ನಂತೂ ಹೆಚ್ಚಿ, ಬಿಸಿಲಿಗೆ ಹಾಕಿ, ನೀರಿನಂಶ ಹೋದ ಮೇಲೆಯೇ ಎಣ್ಣೆಯಲ್ಲಿ ಕರಿಯಬೇಕು. ಮೆಂತ್ಯ ಒಂದು ಗಳಿಗೆ ಹೆಚ್ಚು ಹುರಿದರೆ ಇಡೀ ವರ್ಷ ಸಾರು ಕಹಿ. ಆ ತಪ್ಪನ್ನು ನಮ್ಮ ಮನೆಯಲ್ಲಿ ಒಂದು ವರ್ಷ ನಾವೆಲ್ಲ ಉಂಡಿದ್ದೇವೆ.

ಈ ಪಟ್ಟಿಯನ್ನು ಅಡುಗೆಯ ಪಟ್ಟಿಯಾಗಿ ಓದುವುದು ಬಿಟ್ಟು ಚರಿತ್ರೆಯಾಗಿ ಓದಿದರೆ ಮೊದಲು ಎಡವುವುದು ಮೆಣಸಿನಕಾಯಿಗೇ. ನಮ್ಮದೇ ಎಂದುಕೊಂಡಿರುವ ಈ ಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಇತ್ತ ಬಂತು. ಗೋವೆ ಅವರ ಕೈ ಸೇರಿದ್ದು 1510ರಲ್ಲಿ. ಕರಾವಳಿಯಿಂದ ಘಟ್ಟ ಹತ್ತಿ ಯಲ್ಲಾಪುರ ದಾಟಿದರೆ ಕಲಘಟಗಿ, ಅಲ್ಲಿಂದಾಚೆ ಬಯಲು ಸೀಮೆ. ಬಂದ ಅತಿಥಿಗೆ ಕನ್ನಡ ಹೊಸ ಹೆಸರನ್ನೂ ಹುಡುಕಲಿಲ್ಲ. ಅದುವರೆಗೆ ನಾಲಗೆ ಚುರುಕು ಮಾಡುತ್ತಿದ್ದುದು ಮೆಣಸು, ಇದು ಅದರಂತೆಯೇ ಉರಿಯುವ ಕಾಯಿ, ಹಾಗಾಗಿ ಮೆಣಸಿನಕಾಯಿ. ಹಳಬನ ಹೆಸರು ಹೊತ್ತು ಬಂದ ಹೊಸಬ ಕಡೆಗೆ ಹಳಬನನ್ನೇ ಪೊಟ್ಟಣಕ್ಕೆ ಇಳಿಸಿಬಿಟ್ಟ. ಇನ್ನು ‘ಖಾರ’ ಎಂಬುದು ಸಂಸ್ಕೃತದ ‘ಕ್ಷಾರ’ದ ತದ್ಭವ. ಬೇರೆ ಕಡೆ ಅದು ರುಚಿಯ ಹೆಸರು, ನಮ್ಮ ಕಡೆ ಪುಡಿಯ ಹೆಸರೂ ಹೌದು.

ಹಾಗಾದರೆ ಅದಕ್ಕೂ ಮೊದಲು? ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ (1127–1138) ಬರೆಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಅಡುಗೆಯ ವಿವರ ಬೇಕಾದಷ್ಟಿದೆ. ಮಾಂಸವನ್ನು ಸಲಾಕೆಗೆ ಚುಚ್ಚಿ ಕೆಂಡದ ಮೇಲೆ ಸುಡುವುದೂ ಇದೆ. ಉಪ್ಪು, ಇಂಗು, ಮೆಣಸು ಇವೆ, ಮೆಣಸಿನಕಾಯಿ ಇಲ್ಲ. ಅದೇ ವಂಶದ ಕೊನೆಯ ಅರಸ ನಾಲ್ಕನೆಯ ಸೋಮೇಶ್ವರ ಕೆಲಕಾಲ ಅಣ್ಣಿಗೇರಿಯನ್ನು ರಾಜಧಾನಿ ಮಾಡಿಕೊಂಡಿದ್ದ. ಇವತ್ತು ಮೆಣಸಿನಕಾಯಿಗೆ ಹೆಸರಾದ ಊರಿನಲ್ಲಿ ಕೂತು ಆ ರಾಜ ಒಂದು ದಿನವೂ ಮೆಣಸಿನಕಾಯಿ ಕಂಡಿರಲಿಲ್ಲ. ಇನ್ನೊಂದು ತಮಾಷೆ: ಈಗ ಅಮೆರಿಕದವರು ಬಾರ್ಬೆಕ್ಯೂ ಮಾಡುವ ಮೊದಲು ಮಾಂಸಕ್ಕೆ ತಿಕ್ಕುವ ಒಣ ಪುಡಿಯಲ್ಲೂ ಕೆಂಪು ಮೆಣಸಿನಪುಡಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಉಪ್ಪು, ಜೀರಿಗೆಯೇ ಇರುತ್ತವೆ. ಅವರು ಸಕ್ಕರೆ ಬೆರೆಸುತ್ತಾರೆ, ನಾವು ಕೊಬ್ಬರಿ.

ನಮ್ಮ ಎರೆಹೊಲಕ್ಕೆ ಮೆಣಸಿನಕಾಯಿ ಹೊಂದಿಕೊಂಡ ರೀತಿಯೇ ಸೊಗಸು. ಒಂದೇ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ. ಮೊದಲು ಉಳ್ಳಾಗಡ್ಡಿ ಕಿತ್ತು, ಆಮೇಲೆ ಕಾಯಿ ಬಿಡಿಸಿ, ಕೊನೆಗೆ ಹತ್ತಿ. ಮಳೆ ಒಂದಕ್ಕೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಡಬ್ಬಿ ಗಿಡ್ಡ, ದುಂಡು, ಬೀಜ ಹೆಚ್ಚು. ಕಡ್ಡಿ ಉದ್ದ, ಮೈತುಂಬ ಸುಕ್ಕು. ಇವು ಮಾರಾಟವಾಗುವ ಬ್ಯಾಡಗಿ ಪೇಟೆ 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇತ್ತು, ಈಗ ಹಾವೇರಿಯದು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಅಷ್ಟರಲ್ಲಿ ಮುರುಟು ರೋಗಕ್ಕೆ ಬೇಸತ್ತ ನಮ್ಮ ಕಡೆಯ ಎಷ್ಟೋ ಹೊಲಗಳು ಬೇರೆ ಬೆಳೆಗೆ ತಿರುಗಿದ್ದವು.

ಇಷ್ಟೆಲ್ಲ ದಾಖಲೆಗಳಲ್ಲಿ ಸಿಗುತ್ತದೆ. 1884ರ ಧಾರವಾಡ ಗೆಜೆಟಿಯರಿನಲ್ಲಿ ಬೆಳೆಗಳ ನಡುವೆ ಮೆಣಸಿನಕಾಯಿಯೂ ಇದೆ. ಸಿಗದಿರುವುದು ಅದನ್ನು ಕುಟ್ಟಿದವರ ವಿಷಯ.

ನಮ್ಮ ಮನೆಗೆ ಖಾರ ಕುಟ್ಟಲು ಇಬ್ಬರು ಹೆಣ್ಣುಮಕ್ಕಳು ಬರುತ್ತಿದ್ದರು. ಮೂಗು ಬಾಯಿಗೆ ಸೆರಗು ಬಿಗಿದು, ನೆಲದಲ್ಲಿ ಹೂತ ಒರಳಿಗೆ ಎದುರುಬದುರು ನಿಂತು, ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಬೀಳಬೇಕು. ಜೋಳ ಕುಟ್ಟುವಾಗ ಹಾಡುವವರು ಖಾರ ಕುಟ್ಟುವಾಗ ಹಾಡುತ್ತಿರಲಿಲ್ಲ, ಬಾಯಿ ತೆರೆಯುವಂತಿರಲಿಲ್ಲವಲ್ಲ. ಕುಟ್ಟಿ ಜರಡಿ ಹಿಡಿದು, ಉಳಿದದ್ದನ್ನು ಮತ್ತೆ ಕುಟ್ಟಿ, ಎರಡು ದಿನ. ಸಂಜೆ ಅಂಗೈಗೆ ಎಣ್ಣೆ ಸವರಿಕೊಂಡು ಕೂರುತ್ತಿದ್ದರು. ಒಬ್ಬಾಕೆಗೆ ಎದೆಹಾಲು ಕುಡಿಯುವ ಕೂಸಿತ್ತು. ಆ ಎರಡು ದಿನ ಅದನ್ನು ಆಕೆ ಮುಟ್ಟುತ್ತಿರಲಿಲ್ಲ, ಬೇರೆ ಯಾರಾದರೂ ಎತ್ತಿ ಎದೆಗೆ ಹಿಡಿಯಬೇಕಿತ್ತು.

ಕೂಲಿ ಎಂದು ಜೋಳ, ಮೇಲೆ ಒಂದು ಬಟ್ಟಲು ಖಾರ. ಆ ಬಟ್ಟಲಿನ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ. ಅವರ ಮನೆಯ ಖಾರದಲ್ಲಿ ಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ ಇಷ್ಟೇ. ಲವಂಗ, ಏಲಕ್ಕಿ, ಕೊಬ್ಬರಿ ರೊಕ್ಕ ಕೊಟ್ಟು ತರುವ ಸಾಮಾನು. ಮಸಾಲಿ ಖಾರವನ್ನು ‘ಉತ್ತರ ಕರ್ನಾಟಕದ ಜವಾರಿ ಊಟ’ ಎಂದು ಹೊಗಳಿ ಬರೆಯುವಾಗ ಕೈ ಸ್ವಲ್ಪ ತಡೆಯುವುದು ಇದಕ್ಕೇ. ಅದು ಊರಿನ ಎಲ್ಲ ಒಲೆಗಳ ರುಚಿಯಾಗಿರಲಿಲ್ಲ.

ಆಮೇಲೆ ಖಾರ ಕುಟ್ಟುವ ಗಿರಣಿ ಬಂತು. ಮೋಟಾರಿಗೆ ಕಟ್ಟಿದ ಕಬ್ಬಿಣದ ಒನಕೆಗಳು ಸಾಲಾಗಿ ಏಳುತ್ತ ಬೀಳುತ್ತವೆ. ಹಿಟ್ಟಿನ ಗಿರಣಿಯ ಕಲ್ಲಿನ ಹಾಗೆ ಬಿಸಿಯಾಗದ್ದರಿಂದ ಬಣ್ಣ ಕೆಡುವುದಿಲ್ಲ ಎಂದು ಹಳಬರೂ ಒಪ್ಪಿಕೊಂಡರು. ಒನಕೆಯ ಕಾಲ ಹೋಯಿತೆಂದು ಕೆಲವರು ಹಲುಬುವುದನ್ನು ಕೇಳಿದ್ದೇನೆ. ಹಲುಬಿದವರಲ್ಲಿ ಕುಟ್ಟಿದವರು ಒಬ್ಬರೂ ಇರಲಿಲ್ಲ.

ಹೋದ ಬೇಸಿಗೆಯಲ್ಲಿ ಅವ್ವನ ಜೊತೆ ಗಿರಣಿಗೆ ಹೋಗಿದ್ದೆ. ಪಾಳಿಯಲ್ಲಿ ನಮ್ಮ ಮುಂದಿದ್ದದ್ದು ಅಂದಿನ ಇಬ್ಬರಲ್ಲಿ ಒಬ್ಬಾಕೆಯ ಮೊಮ್ಮಗಳು. ಅವಳ ಡಬ್ಬಿಯಲ್ಲಿ 6 ಕಿಲೊ ಮೆಣಸಿನಕಾಯಿ, ಮೇಲೆ ಲವಂಗ, ಜಾಪತ್ರಿಯ ಪೊಟ್ಟಣಗಳು. ನಮ್ಮದು 1 ಕಿಲೊ, ಮನೆಯಲ್ಲಿ ಈಗ ಇಬ್ಬರೇ. ಅವ್ವ ಬಗ್ಗಿ ಅವಳ ಡಬ್ಬಿ ನೋಡಿ, “ಮೆಂತೆ ಸ್ವಲ್ಪ ಜಾಸ್ತಿ ಹುರದೀ ನೋಡವಾ” ಎಂದಳು. ಅವಳು ನಕ್ಕು, “ನಮ್ಮನ್ಯಾಗ ಹಿಂಗ ಹುರೀತೀವ್ರಿ” ಎಂದಳು.