ಏಕಫೋಟಾನ್ ಜ್ಯೋತಿಮೂಲ

ಒಂದು ಸಲಕ್ಕೆ ಒಂದೇ ಫೋಟಾನನ್ನು ಹೊರಸೂಸುವ ಉಪಕರಣ. ಲೇಸರನ್ನು ಎಷ್ಟೇ ಮಂದಗೊಳಿಸಿದರೂ ಎರಡು ಫೋಟಾನುಗಳು ಜೊತೆಯಾಗಿ ಬರುವ ಸಂಭವವು ಪೂರ್ತಿಯಾಗಿ ತಪ್ಪದು; ಏಕಾಕಿ ಪರಮಾಣುವಾದರೋ, ಒಂದನ್ನು ಬಿಟ್ಟ ಮೇಲೆ ಮರಳಿ ಉದ್ದೀಪ್ತವಾಗುವವರೆಗೆ ಇನ್ನೊಂದನ್ನು ಬಿಡಲಾರದೆಂಬುದಕ್ಕೆ ಕಿಂಬಲ್, ಡಾಗೆನೈಸ್, ಮ್ಯಾಂಡೆಲ್ ಎಂಬವರು 1977ರಲ್ಲಿ ಸೋಡಿಯಂ ಪರಮಾಣುಗಳಿಂದ ಪ್ರಯೋಗಸಾಕ್ಷ್ಯವನ್ನೊದಗಿಸಿದರು. ಸಿ. ವಿ. ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ತಂಡವು ಹಿಡಿದಿರುವ ಮಾರ್ಗ ಬೇರೆ: ವಿಶಿಷ್ಟ ಸ್ಫಟಿಕವೊಂದರಲ್ಲಿ ಲೇಸರಿನ ಫೋಟಾನು ಅಲ್ಪಶಕ್ತಿಯ ಎರಡಾಗಿ ಒಡೆಯಲು, ಅವುಗಳಲ್ಲೊಂದು ಶೋಧಕಕ್ಕೆ ಸಿಕ್ಕಿ ತನ್ನ ಜೊತೆಗಾರನ ಇರವನ್ನು ಸಾರುತ್ತದೆ. ಒಡೆಯುವ ಗಳಿಗೆಯನ್ನು ಮುಂದಾಗಿ ಗೊತ್ತುಮಾಡಲಾಗದಿರುವುದೇ ಈ ಮಾರ್ಗದ ನಿಜವಾದ ಕೊರತೆ. ಇಸ್ರೋದ ಸಹಯೋಗದಲ್ಲಿ ಈ ಸಂಸ್ಥೆಯು 2021ರಲ್ಲಿ ಎರಡು ಕಟ್ಟಡಗಳ ನಡುವೆ ತೆರೆದ ವಾಯುಮಾರ್ಗದಲ್ಲಿ, ಒಂಟಿ ಫೋಟಾನುಗಳ ಮೂಲಕ ನಡೆಯುವ ಕ್ವಾಂಟಂ ಗೂಢಕೀಲಿಯ ವಿನಿಮಯವನ್ನು ಸಾಧಿಸಿ ತೋರಿಸಿತು.