ಕೈ ಹಿಡಿದು ಕೊಟ್ಟ ಕಟ್ಟಳೆ

ಶಾಲಿವಾಹನ ಶಕ 1290, ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ, ಗುರುವಾರ. ಕ್ರಿಸ್ತಶಕದ ಎಣಿಕೆಯಲ್ಲಿ ಅದು 1368. ತುಂಗಭದ್ರೆಯ ತೀರದಲ್ಲಿ ಸಂಗಮ ವಂಶದ ವೀರ ಬುಕ್ಕರಾಯ ರಾಜ್ಯವಾಳುತ್ತಿದ್ದ. ಅಣ್ಣ ಹರಿಹರ ಕಣ್ಮರೆಯಾಗಿ ಹನ್ನೆರಡು ವರ್ಷಗಳಾಗಿದ್ದವು. ಅಣ್ಣತಮ್ಮಂದಿರು ಕಟ್ಟಿದ ವಿಜಯನಗರ ರಾಜ್ಯಕ್ಕೆ ಆಗಿನ್ನೂ ಎಳೆಯ ಪ್ರಾಯ. ಅರಸ ಇನ್ನೂ ಮಹಾಮಂಡಲೇಶ್ವರನೆಂದೇ ಕರೆಸಿಕೊಳ್ಳುತ್ತಿದ್ದ. ಅವನ ಬಿರುದುಗಳಲ್ಲಿ ಒಂದು, ಭಾಷೆಗೆ ತಪ್ಪುವ ರಾಯರ ಗಂಡ. ಆಡಿದ ಮಾತಿಗೆ ತಪ್ಪುವ ಅರಸರನ್ನು ಅಡಗಿಸುವವನೆಂಬ ಈ ಹೊಗಳಿಕೆ ಎಷ್ಟು ನಿಜವೆಂದು ಒರೆಗೆ ಹಚ್ಚುವ ಸಂದರ್ಭ ಆ ವರ್ಷ ಒದಗಿಬಂತು. ಅದು ಒದಗಿಬಂದದ್ದು ರಣರಂಗದಲ್ಲಲ್ಲ, ಪ್ರಜೆಗಳ ನಡುವೆ.

ಗಡಿಗಳಲ್ಲಿ ನೆಮ್ಮದಿ ಇರಲಿಲ್ಲ. ಬಡಗಣದಲ್ಲಿ ಕಲಬುರಗಿಯ ಬಹಮನಿ ಸುಲ್ತಾನರೊಡನೆ ಕೃಷ್ಣಾ ತುಂಗಭದ್ರೆಗಳ ನಡುವಣ ನೆಲಕ್ಕಾಗಿ ಹೋರಾಟ ನಡೆದಿತ್ತು. ತೆಂಕಣದಲ್ಲಿ ಅರಸನ ಮಗ ಕುಮಾರ ಕಂಪಣ ಮಧುರೆಯ ಕಡೆಗೆ ದಂಡು ನಡೆಸಿದ್ದ. ಹೊರಗೆ ಹೀಗಿರುವಾಗ ನಾಡಿನ ಒಳಗೂ ಒಂದು ಬಿರುಕು ಕಾಣಿಸಿಕೊಂಡಿತು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿತು. ಕತ್ತಿ ಹಿಡಿದು ಬಂದ ಹಗೆಯನ್ನು ಎದುರಿಸಲು ಅರಸನಿಗೆ ದಂಡಿತ್ತು. ಒಂದೇ ಬೀದಿಯಲ್ಲಿ ಬಾಳುವವರ ನಡುವಿನ ಹಗೆಗೆ ದಂಡು ಮದ್ದಾಗಲಾರದು.

ಈ ಎರಡು ಸಮಯಗಳೂ, ಅಂದರೆ ಮತಪಂಥಗಳೂ, ಕನ್ನಡ ನೆಲದಲ್ಲಿ ಆಳವಾಗಿ ಬೇರುಬಿಟ್ಟಿದ್ದವು. ಗಂಗರ ಕಾಲದಲ್ಲಿ ಚಾವುಂಡರಾಯ ಬೆಳಗೊಳದ, ಅಂದರೆ ಶ್ರವಣಬೆಳಗೊಳದ, ದೊಡ್ಡಬೆಟ್ಟದ ನೆತ್ತಿಯಲ್ಲಿ ಗೊಮ್ಮಟನನ್ನು ನಿಲ್ಲಿಸಿ ನಾಲ್ಕು ಶತಮಾನಗಳು ಆಗುತ್ತ ಬಂದಿದ್ದವು. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರ ಸುಮಾರಿಗೆ ಬೆಟ್ಟದ ಕೆಳಗೆ ಇಪ್ಪತ್ತನಾಲ್ಕು ತೀರ್ಥಂಕರರ ಬಸದಿ ಕಟ್ಟಿಸಿದ್ದ. ಆದರೆ ಹೊಯ್ಸಳರ ಕಾಲ ಮುಗಿಯುವ ಹೊತ್ತಿಗೆ ಅರಮನೆಯ ಆಸರೆ ತಗ್ಗಿತ್ತು, ಬಸದಿಗಳ ಗಾರೆ ಕಳಚುತ್ತಿತ್ತು, ಒಕ್ಕಲುಗಳು ಬೇರೆ ಬೇರೆ ಮತಗಳತ್ತ ಹೊರಳಿದ್ದವು.

ಶ್ರೀವೈಷ್ಣವರದು ಏರುತ್ತಿದ್ದ ಕಾಲ. ಹನ್ನೆರಡನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ನೆಲೆಸಿದ್ದ ಮೇಲುಕೋಟೆ, ಅಂದರೆ ತಿರುನಾರಾಯಣಪುರ, ಬೆಳಗೊಳಕ್ಕೆ ದೂರದ ಊರೇನಲ್ಲ. ಆದರೂ ಈ ಸಮಯಕ್ಕೆ ತನ್ನದೇ ಆದ ಗಾಯವಿತ್ತು. 1323ರ ದಾಳಿಯಲ್ಲಿ ಶ್ರೀರಂಗದ ಉತ್ಸವಮೂರ್ತಿ ತನ್ನ ಗುಡಿ ಬಿಟ್ಟು ಹೊರಡಬೇಕಾಗಿ ಬಂತು. ಆ ಮೂರ್ತಿ ಶ್ರೀರಂಗಕ್ಕೆ ಮರಳಿದ್ದು 1371ರಲ್ಲಿ. ನಾವು ಹೇಳುತ್ತಿರುವ ಭಾದ್ರಪದದಲ್ಲಿ ರಂಗನಾಥ ಇನ್ನೂ ತನ್ನ ಮನೆಗೆ ಹಿಂದಿರುಗಿರಲಿಲ್ಲ. ದೇವರ ಮನೆಗೆ ಬಂದ ಕೇಡು ಎಂಥದೆಂದು ಬಲ್ಲ ಜನ, ತಮ್ಮ ನೆರೆಯವರ ದೇವರ ಮನೆಗೆ ಕೇಡು ಬಗೆದಿದ್ದರು. ನೊಂದವರೆಲ್ಲ ತಾವಾಗಿಯೇ ನೋವನ್ನು ಅರಿತು ನಡೆಯುತ್ತಾರೆಂಬ ನಂಬಿಕೆಗೆ ಚರಿತ್ರೆಯ ಬೆಂಬಲವಿಲ್ಲ. ಯಾರಾದರೂ ಎದುರು ಕೂರಿಸಿ ಮಾತನಾಡಿಸಬೇಕಾಗುತ್ತದೆ.

ಅಂದು ನಡೆದುದನ್ನು ನಮಗೆ ತಿಳಿಸುವುದು ಒಂದು ಕಲ್ಲು. ಹುಳ್ಳನ ಆ ಭಂಡಾರಿ ಬಸದಿಯ ಆವರಣದಲ್ಲಿ ನೆಟ್ಟ ಶಾಸನವದು. ಅದರ ಪ್ರಕಾರ ಮೊದಲು ದೂರು ಒಯ್ದವರು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಪಟ್ಟಣಗಳ ಭವ್ಯಜನರು, ಅಂದರೆ ಜೈನ ಶ್ರಾವಕರು. ಭಕ್ತರಿಂದ, ಅಂದರೆ ಶ್ರೀವೈಷ್ಣವರಿಂದ, ತಮಗಾಗುತ್ತಿರುವ ಅನ್ಯಾಯಗಳನ್ನು ಅವರು ಅರಸನಲ್ಲಿ ಬಿನ್ನವಿಸಿಕೊಂಡರು. ಒಂದೊಂದು ಅನ್ಯಾಯವೂ ಏನೆಂದು ಕಲ್ಲು ಹೇಳುವುದಿಲ್ಲ. ಆದರೆ ಅರಸ ಯಾವುದನ್ನು ಮರಳಿ ಕೊಡಿಸಿದನೆಂದು ನೋಡಿದರೆ ಏನು ಕಳೆದುಹೋಗಿತ್ತೆಂದು ತಿಳಿಯುತ್ತದೆ. ಕೊಡಿಸಿದ್ದು ಪಂಚಮಹಾವಾದ್ಯಗಳನ್ನು ಮತ್ತು ಕಳಶವನ್ನು. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಆ ವಾದ್ಯಗಳನ್ನು ಎಣಿಸುವುದು ರೂಢಿ. ಇವು ಊರ ಬೀದಿಯಲ್ಲಿ, ನಾಲ್ಕು ಜನರ ಕಣ್ಣೆದುರಿಗೆ ಸಲ್ಲುವ ಮರ್ಯಾದೆಗಳು. ಜಗಳ ಎದ್ದದ್ದು ಮೋಕ್ಷದ ದಾರಿ ಯಾವುದೆಂಬ ಪ್ರಶ್ನೆಗಲ್ಲ; ಊರಿನಲ್ಲಿ ತಲೆಯೆತ್ತಿ ನಡೆಯುವ ಹಕ್ಕು ಯಾರಿಗೆ ಎಂಬ ಪ್ರಶ್ನೆಗೆ.

ಬುಕ್ಕರಾಯನ ವಿವೇಕ ಇಲ್ಲಿಯೇ ಮೊದಲು ಕಾಣುವುದು. ಎರಡು ದರ್ಶನಗಳ ಪಂಡಿತರನ್ನು ಕರೆಸಿ ವಾದಕ್ಕಿಳಿಸಿ, ಗೆದ್ದವರಿಗೆ ಜಯಪತ್ರ ಕೊಡುವ ಪದ್ಧತಿ ಆ ಕಾಲಕ್ಕೆ ಹೊಸದಲ್ಲ. ಅವನು ಆ ದಾರಿ ಹಿಡಿಯಲಿಲ್ಲ. ವಾದದಲ್ಲಿ ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕು. ಸೋತವರು ಅದೇ ಊರಿಗೆ ಮರಳಿ ಅದೇ ಬಾವಿಯ ನೀರು ಸೇದಬೇಕು. ಅರಸ ಸಿದ್ಧಾಂತದ ಮಾತನ್ನು ಪಕ್ಕಕ್ಕಿಟ್ಟು ಬಾಳಿನ ಮಾತನ್ನು ಕೈಗೆತ್ತಿಕೊಂಡ.

ಅವನು ಯಾರನ್ನು ಮಾತಿಗೆ ಕರೆದನೆಂಬುದನ್ನು ನಿಧಾನವಾಗಿ ಓದಬೇಕು. ಕೋವಿಲ್, ಅಂದರೆ ಶ್ರೀರಂಗ, ತಿರುಮಲೆ, ಪೆರುಮಾಳ್ ಕೋವಿಲ್, ಅಂದರೆ ಕಂಚಿ, ತಿರುನಾರಾಯಣಪುರ. ಈ ನಾಲ್ಕು ಮಹಾಕ್ಷೇತ್ರಗಳು ಮುಖ್ಯವಾಗಿ ಸಕಲ ಆಚಾರ್ಯರು ಮೊದಲು ಬರುತ್ತಾರೆ. ಪಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ. ಸಮಯಿಗಳು, ಸಾತ್ವಿಕರು, ದೇವಾಲಯದ ಊಳಿಗದವರು, ನೀರು ಹೊರುವ ತಣ್ಣೀರವರು, ನಾಲ್ವತ್ತೆಂಟು ಜನರು, ಸಾವಂತ ಬೋವರು, ತಿರುಕುಲದವರು, ಜಾಂಬವಕುಲದವರು ಎಂದು ಹೆಸರಿಸುತ್ತ ಹದಿನೆಂಟು ನಾಡಿನ ಶ್ರೀವೈಷ್ಣವರೆಲ್ಲರನ್ನೂ ಅದು ಒಳಗೊಳ್ಳುತ್ತದೆ. ಸಮಾಜ ಅಂಚಿಗೆ ತಳ್ಳಿದ್ದ ಕುಲಗಳ ಹೆಸರು ಮಹಾಚಾರ್ಯರ ಹೆಸರಿನೊಡನೆ ಒಂದೇ ಕಲ್ಲಿನಲ್ಲಿ, ಒಂದೇ ಒಪ್ಪಂದದ ಹೊಣೆಗಾರರಾಗಿ ನಿಂತಿದೆ.

ಇದು ಬರಿಯ ಔದಾರ್ಯವಲ್ಲ. ಮೆರವಣಿಗೆಗೆ ಅಡ್ಡ ನಿಲ್ಲುವುದು ಮಠದ ಪೀಠವಲ್ಲ. ಬೀದಿಯಲ್ಲಿ ನಿಂತಿರುವ ಜನ. ಹಿರಿಯರು ಮಾತ್ರ ಒಪ್ಪಿದ ಒಡಂಬಡಿಕೆ ಹಿರಿಯರ ಜಗಲಿಯಲ್ಲೇ ಉಳಿದುಬಿಡುತ್ತದೆ. ನೀರು ಹೊರುವವನೂ ಒಪ್ಪಿದಾಗ ಅದು ಬಾವಿಕಟ್ಟೆಗೂ ಸಂತೆಗೂ ತೇರಿನ ಬೀದಿಗೂ ತಲಪುತ್ತದೆ.

ಹಾಗೆ ಎಲ್ಲರೂ ಕೂಡಿದಾಗ ಅರಸ ಒಂದು ಮಾತು ಹೇಳಿದ, ಒಂದು ಕೆಲಸ ಮಾಡಿದ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಎಂಬುದು ಮಾತು. ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟದ್ದು ಕೆಲಸ. ನಮ್ಮ ನಾಡಿನಲ್ಲಿ ಕೈ ಹಿಡಿದು ಕೊಡುವುದೆಂದರೆ ಹೊಣೆ ಒಪ್ಪಿಸುವುದು. ಕೊಟ್ಟವರಿಗೆ ಭರವಸೆ, ತೆಗೆದುಕೊಂಡವರಿಗೆ ಮುಂದೆಂದೂ ನುಣುಚಿಕೊಳ್ಳಲಾಗದ ಕರ್ತವ್ಯ. ಯಾರ ಮೇಲೆ ದೂರು ಬಂದಿತ್ತೋ ಅವರನ್ನೇ ಅರಸ ಕಾವಲಿನವರನ್ನಾಗಿ ಮಾಡಿದ.

ಮಾತು ಅಲ್ಲಿಂದ ಕಟ್ಟಳೆಯಾಗಿ ಹರಳುಗಟ್ಟಿತು. ಹಿಂದಿನ ಮರ್ಯಾದೆಯಂತೆ ಜೈನ ದರ್ಶನಕ್ಕೆ ಪಂಚಮಹಾವಾದ್ಯಗಳೂ ಕಳಶವೂ ಸಲ್ಲಬೇಕು. ಭಕ್ತರ ದೆಸೆಯಿಂದ ಜೈನರಿಗೆ ಹಾನಿಯಾದರೂ ವೃದ್ಧಿಯಾದರೂ ವೈಷ್ಣವರು ಅದನ್ನು ತಮ್ಮದೇ ಹಾನಿ, ತಮ್ಮದೇ ವೃದ್ಧಿ ಎಂದು ಬಗೆಯಬೇಕು. ರಾಜ್ಯದಲ್ಲಿರುವ ಬಸದಿಗಳಲ್ಲೆಲ್ಲ ಈ ಶಾಸನವನ್ನು ನೆಡುವವರು ಶ್ರೀವೈಷ್ಣವರೇ. ಸೂರ್ಯಚಂದ್ರರಿರುವವರೆಗೆ ವೈಷ್ಣವ ಸಮಯವು ಜೈನ ದರ್ಶನವನ್ನು ಕಾಯುತ್ತದೆಂಬ ವಚನವನ್ನು ಅವರೇ ಕೊಟ್ಟರು.

ಸದ್ಭಾವ ಸಾಲದೆಂದು ಆ ಹಿರಿಯರಿಗೆ ಗೊತ್ತಿತ್ತು. ದಿನನಿತ್ಯದ ವ್ಯವಸ್ಥೆಯನ್ನೂ ಕಲ್ಲಿಗೇರಿಸಿದರು. ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಆ ಹೊನ್ನಿನಲ್ಲಿ ತಿರುಮಲೆಯ ಆಚಾರ್ಯ ತಾತಯ್ಯನವರು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹೊನ್ನಿನಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ವೆಂಕಟಾಚಲದ ಆಚಾರ್ಯರೊಬ್ಬರು ಗೊಮ್ಮಟನ ಕಾವಲಿಗೆ ಆಳುಗಳನ್ನು ಗೊತ್ತುಮಾಡುವುದು, ಬಸದಿಗಳ ಗೋಡೆಗೆ ಸುಣ್ಣ ಬಿತ್ತೇ ಎಂದು ವಿಚಾರಿಸುವುದು! ಈ ಕಟ್ಟಳೆ ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ತಪಸ್ವಿಯಾಗಲಿ ಊರ ಗೌಡನಾಗಲಿ, ಧರ್ಮ ಕೆಡಿಸಿದರೆ ಗಂಗೆಯ ತಡಿಯಲ್ಲಿ ಗೋವನ್ನೂ ಬ್ರಾಹ್ಮಣನನ್ನೂ ಕೊಂದ ಪಾಪಕ್ಕೆ ಗುರಿಯಾಗುತ್ತಾನೆ.

ಶಾಸನದ ಕೊನೆಗೆ ಸೇರಿದ ಸಾಲುಗಳಲ್ಲಿ ಇನ್ನೊಬ್ಬನ ಹೆಸರಿದೆ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ. ಅರಸನಲ್ಲಿ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನವರನ್ನು ಕರೆತಂದು ಜೀರ್ಣೋದ್ಧಾರ ಮಾಡಿಸಿದವನು ಆತ. ಎರಡೂ ಸಮಯಗಳು ಕೂಡಿ ಅವನಿಗೆ ಸಂಘನಾಯಕನ ಪಟ್ಟ ಕಟ್ಟಿದವು. ಅವನ ಊರು ಕಲ್ಲೆಹವನ್ನು ವಿದ್ವಾಂಸರು ಇಂದಿನ ಮಾಗಡಿ ತಾಲ್ಲೂಕಿನ ಕಲ್ಯವೆಂದು ಗುರುತಿಸುತ್ತಾರೆ. ಇದೇ ಒಪ್ಪಂದದ ಇನ್ನೊಂದು ಶಾಸನ ಅಲ್ಲಿ ಸಿಕ್ಕಿದೆ. ದೂರು ಕೊಟ್ಟವರ ಕಡೆಯವನೊಬ್ಬ ಎದುರು ಪಕ್ಷದ ಆಚಾರ್ಯರ ಬಳಿಗೆ ಹೋಗಿ ಅವರನ್ನು ಜೊತೆಗೂಡಿಸಿಕೊಂಡು ಬಂದ. ಅರಸರ ಹೆಸರು ಇತಿಹಾಸದ ಪುಸ್ತಕಗಳಲ್ಲಿ ದೊಡ್ಡದಾಗಿ ನಿಂತಿದೆ. ಎರಡು ಮನೆಗಳ ನಡುವೆ ಓಡಾಡಿ ಸಂಧಿಯನ್ನು ಬದುಕಿಸಿದ ಈ ಸೆಟ್ಟಿಯ ಹೆಸರೂ ಅಷ್ಟೇ ಗೌರವದಿಂದ ನಿಲ್ಲಬೇಕಾದದ್ದು.

ಈ ಒಪ್ಪಂದ ಸರಿಸಮರ ನಡುವೆ ಆದದ್ದಲ್ಲ ಎಂಬುದನ್ನೂ ಹೇಳಬೇಕು. ಶಾಸನ ಆರಂಭವಾಗುವುದೇ ರಾಮಾನುಜರ ಸ್ತುತಿಯಿಂದ. ಕಾವಲಿನ ವೆಚ್ಚ ಬಿದ್ದದ್ದು ಕಾವಲು ಬೇಕಾದವರ ಮೇಲೆ. ಬಲವುಳ್ಳವರು ಯಾರು, ಬಲ ಕುಂದಿದವರು ಯಾರು ಎಂಬುದನ್ನು ಕಲ್ಲು ಬಚ್ಚಿಡುವುದಿಲ್ಲ. ಆದರೂ ಬಲವುಳ್ಳವರು ತಮ್ಮ ಬಲಕ್ಕೆ ತಾವೇ ಎಲ್ಲೆ ಹಾಕಿಕೊಂಡದ್ದು, ಅದನ್ನು ಎದುರು ಪಕ್ಷದ ತೀರ್ಥದಲ್ಲೇ ಕೆತ್ತಿಸಿದ್ದು ಸಣ್ಣ ಸಂಗತಿಯಲ್ಲ.

ಇಂಥ ನಡೆ ಅರಸನೊಬ್ಬನ ಒಂದು ದಿನದ ಮನಸ್ಸಿನಿಂದ ಹುಟ್ಟಿದ್ದೂ ಅಲ್ಲ. ಐದು ವರ್ಷ ಮೊದಲು, 1363ರಲ್ಲಿ, ಮಲೆನಾಡಿನ ಹೆದ್ದೂರುನಾಡಿನಲ್ಲಿ ತಡತಾಳದ ಪಾರ್ಶ್ವನಾಥ ಬಸದಿಯ ಭೂಮಿಯ ಗಡಿಗಾಗಿ ನಾಡವರಿಗೂ ಬಸದಿಯ ಆಚಾರ್ಯರಿಗೂ ವ್ಯಾಜ್ಯ ಬಂದಿತ್ತು. ಆಗಲೂ ಆರಗದ ಚಾವಡಿಯಲ್ಲಿ ಪ್ರಧಾನರು, ಜೈನ ಮುಖ್ಯಸ್ಥರು, ನಾಡಿನ ಹಿರಿಯರು ಒಟ್ಟಿಗೆ ಕುಳಿತು ವಿಚಾರಿಸಿ ಗಡಿ ಗೊತ್ತುಮಾಡಿದ್ದರು. ಕೂಡಿ ಕುಳಿತು ತೀರಿಸಿಕೊಳ್ಳುವ ಅಭ್ಯಾಸ ನಾಡಿಗೆ ಇತ್ತು. ಬುಕ್ಕರಾಯ ಅದನ್ನು ರಾಜ್ಯದಗಲಕ್ಕೆ ಹರಡಿದ. ಅವನ ಮಗ ಎರಡನೆಯ ಹರಿಹರನ ಕಾಲದಲ್ಲಿ ಜೈನನಾದ ಇರುಗಪ್ಪ ದಂಡನಾಯಕ ರಾಜಧಾನಿಯಲ್ಲೇ ಕುಂಥುನಾಥನ ಚೈತ್ಯಾಲಯ ಕಟ್ಟಿಸಿದ. ಹಂಪಿಯ ಗಾಣಗಿತ್ತಿ ಗುಡಿಯೆಂದು ಇಂದು ಜನ ಕರೆಯುವುದು ಅದನ್ನೇ.

ಕಾಲ ಉರುಳಿತು, ವಿಜಯನಗರ ಅಳಿಯಿತು. 1638ರಲ್ಲಿ, ಬೇಲೂರು ನಾಯಕರ ಆಳ್ವಿಕೆಯಲ್ಲಿ, ಹಳೇಬೀಡಿನಲ್ಲಿ ಮತ್ತೊಂದು ಕಿಡಿ ಹತ್ತಿತು. ಹುಚ್ಚಪ್ಪದೇವನೆಂಬಾತ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದ. ವಿಜಯಪ್ಪನೆಂಬ ಜೈನ ಅದನ್ನು ಅಳಿಸಿದ. ಊರು ಹೊತ್ತಿ ಉರಿಯಬಹುದಾಗಿದ್ದ ಗಳಿಗೆ ಅದು. ಆದರೆ ವೀರಶೈವ ಹಿರಿಯರೂ ಜೈನ ಪ್ರಮುಖರೂ ಕೂಡಿದರು. ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಬಳಿಕ ತಮ್ಮ ಪೂಜೆ ಪುನಸ್ಕಾರಗಳನ್ನೆಲ್ಲ ಹಿಂದಿನ ಮರ್ಯಾದೆಯಂತೆ ನಡೆಸಿಕೊಳ್ಳಬಹುದೆಂದು ತೀರ್ಮಾನವಾಯಿತು. ಇಲ್ಲಿಯೂ ಬಲ ಕುಂದಿದವರೇ ಮೊದಲು ತಲೆಬಾಗಬೇಕಾಯಿತು. ಆದರೆ ವೀರಶೈವ ಹಿರಿಯರು ಅದಕ್ಕೆ ಸೇರಿಸಿ ಬರೆಸಿದ ಶಪಥ ಅವರ ಘನತೆಯನ್ನು ತೋರುತ್ತದೆ: ಜೈನ ಧರ್ಮಕ್ಕೆ ಅಡ್ಡಿಮಾಡಿದವನು ಶಿವನಿಗೆ, ಜಂಗಮಕ್ಕೆ, ವಿಭೂತಿ ರುದ್ರಾಕ್ಷಿಗಳಿಗೆ ದ್ರೋಹಿ.

ಬೆಳಗೊಳ, ಹಳೇಬೀಡುಗಳ ಈ ಎರಡು ಶಾಸನಗಳ ನಡುವೆ 270 ವರ್ಷಗಳ ಅಂತರ. ಅರಸರು ಬೇರೆ, ಪಕ್ಷಗಳು ಬೇರೆ, ಜಗಳದ ಕಾರಣ ಬೇರೆ. ಆದರೆ ಸಂಧಿಯ ತಿರುಳು ಒಂದೇ. ನೆರೆಯವನ ದೇವರಿಗೆ ಕೇಡು ಬಗೆದರೆ ಆ ಪಾಪವನ್ನು ತನ್ನ ಧರ್ಮವೇ ತನ್ನಿಂದ ವಸೂಲು ಮಾಡುತ್ತದೆಂದು ಬಲವುಳ್ಳ ಪಕ್ಷ ತಾನಾಗಿ ಒಪ್ಪಿಕೊಂಡಿತು. ಅನ್ಯರ ಮೇಲೆ ಸಹನೆ ತೋರುತ್ತೇವೆಂಬ ಮಾತಿಗಿಂತ ಇದು ಬಹಳ ದೊಡ್ಡದು. ಸಹನೆಗೆ ಬೇಸರ ಬರಬಹುದು, ಶಪಥಕ್ಕೆ ಬರುವಂತಿಲ್ಲ.

ಇಂದು ಊರೂರುಗಳಲ್ಲಿ ಮೆರವಣಿಗೆಯ ದಾರಿಗಾಗಿ, ವಾದ್ಯದ ಸದ್ದಿಗಾಗಿ ಮನಸ್ಸುಗಳು ಮುರಿಯುವಾಗ ಶಾಂತಿಸಭೆಗಳು ಸೇರುತ್ತವೆ. ನಾಲ್ವರು ಮುಖಂಡರು ಕೈಕುಲುಕಿ ಎದ್ದುಹೋಗುತ್ತಾರೆ. ಬೆಳಗೊಳದ ಹಿರಿಯರು ಅಷ್ಟಕ್ಕೆ ಎದ್ದುಹೋಗಲಿಲ್ಲ. ಕೊನೆಯ ಊಳಿಗದವನವರೆಗೂ ಕರೆದರು. ಕಳೆದ ಮರ್ಯಾದೆಯನ್ನು ಹೆಸರಿಟ್ಟು ಮರಳಿಸಿದರು. ಕಾವಲಿಗೆ ಆಳನ್ನೂ ಸುಣ್ಣಕ್ಕೆ ಹಣವನ್ನೂ ಗೊತ್ತುಮಾಡಿದರು. ಹೊಣೆಯನ್ನು ಬಲವುಳ್ಳವರ ಹೆಗಲಿಗೆ ಹೊರಿಸಿದರು. ಈ ನಾಲ್ಕನ್ನೂ ಮಾಡಲು ಸಿಂಹಾಸನ ಬೇಕಿಲ್ಲ. ಹೆಚ್ಚು ಜನ, ಹೆಚ್ಚು ಬಲ ಯಾರ ಕಡೆಗಿದೆಯೋ ಅವರು ಮೊದಲು ಎದ್ದು ಹೋಗಿ ನೆರೆಯವನ ಕೈ ಹಿಡಿಯಬೇಕು. ನಮ್ಮ ಹಿರಿಯರಿಗೆ ಸಾಧ್ಯವಾದದ್ದು ನಮಗೂ ಸಾಧ್ಯ, ಮತ್ತು ಅದು ನಮ್ಮ ಕರ್ತವ್ಯ.